ಮುತ್ತನ್ನು ಕಂಡೆವು, ಚಿಪ್ಪನ್ನು ಕಾಣಲಿಲ್ಲ

ಕಳೆದ ಚಳಿಗಾಲದಲ್ಲಿ ತೀರ್ಥಹಳ್ಳಿಯ ಕಡೆಯಿಂದ ನಮ್ಮ ಅತ್ತಿಗೆ ದುಬೈಗೆ ಬಂದಿದ್ದರು. ಬಂದವರನ್ನು ಎಲ್ಲರೂ ಕರೆದೊಯ್ಯುವಂತೆ ನಾನೂ ಅವರನ್ನು ದೇರಾದ ಚಿನ್ನದ ಸೂಕ್‌ಗೆ ಕರೆದೊಯ್ದೆ. ಒಂದು ಅಂಗಡಿಯ ಮುಂದೆ ಮುತ್ತಿನ ಸರಗಳು ನಮ್ಮೂರ ಸಂತೆಯಲ್ಲಿ ಮಲ್ಲಿಗೆ ಮಾಲೆ ತೂಗುಹಾಕಿದ ಹಾಗೆ ತೂಗುತ್ತಿದ್ದವು. ಅತ್ತಿಗೆ ಕೇಳಿದರು: ‘ಇವೆಲ್ಲ ಈ ಸಮುದ್ರದವೇ?’ ಅಂಗಡಿಯಾತ ಪ್ರಾಮಾಣಿಕ. ‘ಅಲ್ಲಮ್ಮ, ಚೀನಾದವು. ಸಿಹಿನೀರಿನಲ್ಲಿ ಬೆಳೆಸಿದವು’ ಎಂದ. ಅತ್ತಿಗೆ ಒಂದು ಗಳಿಗೆ ಸುಮ್ಮನಿದ್ದು ನನ್ನ ಕಡೆ ತಿರುಗಿ, ‘ಸಿಹಿನೀರಿನ ಚಿಪ್ಪಿನಲ್ಲೂ ಮುತ್ತಾಗುತ್ತದೆಯೇ? ನಮ್ಮ ಹೊಳೆಯಲ್ಲೂ ಕಪ್ಪೆಚಿಪ್ಪು ಇತ್ತಲ್ಲ ಮಾರಾಯ’ ಎಂದರು.

ಇತ್ತಲ್ಲ. ಆ ಭೂತಕಾಲದ ಕ್ರಿಯಾಪದ ನನ್ನನ್ನು ಅಂದಿನಿಂದ ಕಾಡುತ್ತಿದೆ. ಯಾವಾಗ ಇತ್ತು? ಯಾವಾಗ ಇಲ್ಲವಾಯಿತು? ಯಾರಾದರೂ ಎಣಿಸಿದ್ದರೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟಾಗ ತಿಳಿದ ಸಂಗತಿಗಳನ್ನೂ, ಅವು ಅನಿವಾಸಿಗಳಾದ ನಮಗೆ ಏಕೆ ಸಂಬಂಧಿಸಿವೆ ಎಂಬುದನ್ನೂ ಇಲ್ಲಿ ಓದುಗರ ಮುಂದಿಡುತ್ತೇನೆ.

ನಾವು ವಾಸಿಸುತ್ತಿರುವ ಈ ನಾಡು ಚಿಪ್ಪಿನ ಮೇಲೆ ನಿಂತಿದ್ದ ನಾಡು. ಅಬುಧಾಬಿಯ ಮರಾವಾ ದ್ವೀಪದ ಉತ್ಖನನದಲ್ಲಿ ಸಿಕ್ಕ ಪುಟ್ಟ ಮುತ್ತೊಂದು ಸುಮಾರು 8,000 ವರ್ಷ ಹಳೆಯದು. ತೈಲಕ್ಕೆ ಮುಂಚೆ ಈ ಕರಾವಳಿಯ ಜೀವನಾಧಾರವೇ ಮುತ್ತು. ಇಲ್ಲಿ ಮುಳುಗಿ ತೆಗೆದ ಮುತ್ತು ಮುಂಬಯಿಯ ವರ್ತಕರ ಮೂಲಕ ಲೋಕಕ್ಕೆ ಹೋಗುತ್ತಿತ್ತು. ಜಪಾನಿನ ಕೃಷಿ ಮುತ್ತು ಮತ್ತು 1930ರ ದಶಕದ ಆರ್ಥಿಕ ಕುಸಿತ ಒಟ್ಟಾಗಿ ಆ ಬದುಕನ್ನು ಮುರಿದವು. ಸಾಲದಲ್ಲೇ ಹುಟ್ಟಿ ಸಾಲದಲ್ಲೇ ಮುಳುಗುತ್ತಿದ್ದ ಮುಳುಗುಗಾರರ ಕಥೆ ಇಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಈಗ ಹೆಮ್ಮೆಯ ಪರಂಪರೆಯಾಗಿ ತೋರುತ್ತದೆ. ಅದೇನೇ ಇರಲಿ, ಈ ನಾಡು ತನ್ನ ಸಿಂಪಿಯನ್ನು ಮರೆತಿಲ್ಲ. ಅಬುಧಾಬಿಯ ಪರಿಸರ ಸಂಸ್ಥೆ ಅಲ್ ಮಿರ್ಫಾದಲ್ಲಿ ಮುತ್ತಿನ ಸಿಂಪಿಗೆಂದೇ ಒಂದು ಕೇಂದ್ರವನ್ನು ನಡೆಸುತ್ತದೆ. ನದಿಯೇ ಇಲ್ಲದ, ಕುಡಿಯುವ ನೀರಿಗೆ ಸಮುದ್ರವನ್ನೇ ಸೋಸಿಕೊಳ್ಳುವ ನಾಡಿನಲ್ಲಿ ಕುಳಿತು ನಾನು ನಮ್ಮ ನದಿಗಳ ಚಿಪ್ಪಿನ ಬಗ್ಗೆ ಬರೆಯುತ್ತಿದ್ದೇನೆ. ಆ ವಿಪರ್ಯಾಸ ನನಗೆ ಗೊತ್ತಿದೆ.

2025ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ವಿಶ್ವ ಸಮ್ಮೇಳನ ಅಬುಧಾಬಿಯಲ್ಲಿ ನಡೆಯಿತು. ಅಲ್ಲಿ ಪ್ರಕಟವಾದ ಕೆಂಪು ಪಟ್ಟಿಯಲ್ಲಿ ಹಸಿರು ಕಡಲಾಮೆ ಚೇತರಿಸಿಕೊಂಡ ಸುದ್ದಿಯೂ ಉತ್ತರ ಧ್ರುವದ ಸೀಲ್‌ಗಳು ಸಂಕಟದಲ್ಲಿರುವ ಸುದ್ದಿಯೂ ಪತ್ರಿಕೆಗಳ ಮುಖಪುಟಕ್ಕೆ ಬಂದವು. ಆಮೆಗೆ ಮುಖವಿದೆ, ಸೀಲ್‌ಗೆ ಕಣ್ಣಿದೆ. ಅವುಗಳ ಚಿತ್ರ ನಮ್ಮನ್ನು ಕರಗಿಸುತ್ತದೆ. ಹೊಳೆಯ ತಳದ ಮರಳಿನಲ್ಲಿ ಅರ್ಧ ಹೂತು ಕುಳಿತ ಕಪ್ಪೆಚಿಪ್ಪಿಗೆ ಮುಖವೂ ಇಲ್ಲ, ದನಿಯೂ ಇಲ್ಲ. ವಿಜ್ಞಾನವೂ ಅದನ್ನು ಕಡೆಗಣಿಸಿದ್ದುಂಟು. 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಿಹಿನೀರಿನ ಪ್ರಾಣಿಗಳ ಜಾಗತಿಕ ಸಮೀಕ್ಷೆಯೊಂದು ಪ್ರಕಟವಾಯಿತು. 23,496 ಜಾತಿಗಳನ್ನು ಪರಿಶೀಲಿಸಿದ ಅದು ಸುಮಾರು ಶೇ. 24ರಷ್ಟು ಅಳಿವಿನ ಅಂಚಿನಲ್ಲಿವೆ ಎಂದಿತು. ಆದರೆ ಆ ಲೆಕ್ಕದಲ್ಲಿ ಇದ್ದದ್ದು ಮೀನು, ಏಡಿ-ಸೀಗಡಿಗಳ ಗುಂಪು ಮತ್ತು ಏರೋಪ್ಲೇನ್ ಚಿಟ್ಟೆಗಳು. ಚಿಪ್ಪಿನ ಜೀವಿಗಳು ಆ ಲೆಕ್ಕದ ಹೊರಗೇ ಉಳಿದವು.

ಲೆಕ್ಕ ಇಟ್ಟ ಕಡೆ ಏನು ಕಂಡಿತು? ಉತ್ತರ ಅಮೆರಿಕದಲ್ಲಿ ಸುಮಾರು 300 ಜಾತಿಯ ಸಿಹಿನೀರಿನ ಕಪ್ಪೆಚಿಪ್ಪುಗಳಿವೆ. ಅವುಗಳಲ್ಲಿ ಬಹುಪಾಲು ಸಂಕಟದಲ್ಲಿವೆ. 2023ರಲ್ಲಿ ಅಮೆರಿಕ ಸರ್ಕಾರ ಅಳಿದುಹೋದವೆಂದು ಒಪ್ಪಿಕೊಂಡು ರಕ್ಷಣಾ ಪಟ್ಟಿಯಿಂದ ತೆಗೆದುಹಾಕಿದ 21 ಜಾತಿಗಳಲ್ಲಿ 8 ಕಪ್ಪೆಚಿಪ್ಪುಗಳು. ಅಲ್ಲಿ ಶತಮಾನಕ್ಕೂ ಹೆಚ್ಚು ಕಾಲದ ದಾಖಲೆ ಇದ್ದುದರಿಂದಲೇ ‘ಅಳಿಯಿತು’ ಎಂದು ಹೇಳಲಾಯಿತು. ದಾಖಲೆಯೇ ಇಲ್ಲದ ಕಡೆ ಜೀವಿಯೊಂದು ಅಳಿದದ್ದೂ ಸುದ್ದಿಯಾಗುವುದಿಲ್ಲ. ಹೆಚ್ಚೆಂದರೆ ಚಿನ್ನದ ಸೂಕ್‌ನಲ್ಲಿ ಅತ್ತಿಗೆಯ ಬಾಯಲ್ಲಿ ಒಂದು ‘ಇತ್ತಲ್ಲ’ ಆಗುತ್ತದೆ.

ಕಪ್ಪೆಚಿಪ್ಪು ಹೊಳೆಗೆ ಮಾಡುವ ಕೆಲಸ ಸಣ್ಣದಲ್ಲ. ನೀರನ್ನು ಒಳಗೆಳೆದುಕೊಂಡು, ಅದರಲ್ಲಿನ ಪಾಚಿ, ಸೂಕ್ಷ್ಮಜೀವಿ, ಕಸರುಗಳನ್ನು ಸೋಸಿ, ತಿಳಿನೀರನ್ನು ಹೊರಬಿಡುವುದೇ ಅದರ ಊಟದ ಕ್ರಮ. ದೊಡ್ಡದೊಂದು ಚಿಪ್ಪು ದಿನಕ್ಕೆ ಹತ್ತಾರು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ಪೋಲೆಂಡಿನ ವಾರ್ಸಾ ನಗರದ ನೀರು ಸರಬರಾಜು ಕೇಂದ್ರದಲ್ಲಿ ಎಂಟು ಕಪ್ಪೆಚಿಪ್ಪುಗಳನ್ನು ಕಾವಲಿಗೆ ಇಟ್ಟಿದ್ದಾರೆ. ನೀರಿನಲ್ಲಿ ವಿಷ ಬೆರೆತರೆ ಅವು ಬಾಯಿ ಮುಚ್ಚಿಕೊಳ್ಳುತ್ತವೆ. ಅದನ್ನು ಗ್ರಹಿಸಿದ ಯಂತ್ರ ಎಚ್ಚರಿಕೆ ಕೊಡುತ್ತದೆ.

ಅದರ ಸಂತಾನದ ಕ್ರಮ ಇನ್ನೂ ವಿಸ್ಮಯಕರ. ತಾಯಿ ಚಿಪ್ಪು ಹೊರಬಿಡುವ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲವು ದಿನ ಅಥವಾ ವಾರ ಕಳೆಯಬೇಕು. ಆಮೇಲೆ ಉದುರಿ ಹೊಳೆಯ ತಳ ಸೇರಿ ಸ್ವತಂತ್ರ ಬದುಕು ಆರಂಭಿಸುತ್ತವೆ. ಎಲ್ಲ ಮೀನೂ ಆಗುವುದಿಲ್ಲ. ಅನೇಕ ಜಾತಿಗಳಿಗೆ ಅದರದರ ಮೀನೇ ಬೇಕು. ಮೀನು ಹೋದರೆ ಚಿಪ್ಪಿನ ವಂಶ ನಿಂತಿತು. ಆದರೆ ಅದು ಕೂಡಲೇ ಗೊತ್ತಾಗುವುದಿಲ್ಲ. ಅನೇಕ ಜಾತಿಗಳ ಚಿಪ್ಪುಗಳು ದಶಕಗಟ್ಟಲೆ ಬದುಕುತ್ತವೆ. ಯುರೋಪಿನ ಒಂದು ಜಾತಿ ನೂರು ವರ್ಷವನ್ನೂ ದಾಟುತ್ತದೆ. ಹೊಳೆಯಲ್ಲಿ ಚಿಪ್ಪುಗಳು ಇನ್ನೂ ಇವೆ ಎಂದು ನಾವು ಸಮಾಧಾನದಲ್ಲಿರುತ್ತೇವೆ, ಆದರೆ ಅಲ್ಲಿ ಒಂದು ಎಳೆಯ ಚಿಪ್ಪೂ ಇರುವುದಿಲ್ಲ. ಮಕ್ಕಳೆಲ್ಲ ಬೆಂಗಳೂರು, ದುಬೈ ಸೇರಿ, ದೊಡ್ಡ ಮನೆಗಳಲ್ಲಿ ಮುದುಕರಿಬ್ಬರೇ ಉಳಿದ ನಮ್ಮ ಮಲೆನಾಡಿನ ಊರುಗಳನ್ನು ಬಲ್ಲವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಹೊರಗಿನಿಂದ ಬಂದವರಿಗೆ ಊರು ಇದ್ದಂತೆಯೇ ಕಾಣುತ್ತದೆ.

ಈಗ ನಮ್ಮದೇ ಒಂದು ಜೀವಿಯ ಕಥೆ. ಲೋಕದ ಬಹುತೇಕ ಸಿಹಿನೀರಿನ ಕಪ್ಪೆಚಿಪ್ಪುಗಳು ಮರಳಿನಲ್ಲಿ ಹೂತು ಬದುಕಿದರೆ, ಭದ್ರಾ ಮತ್ತು ತುಂಗಾ ನದಿಗಳಲ್ಲಿ ಒಂದು ಜಾತಿ ಬಂಡೆಗೇ ತನ್ನನ್ನು ಬೆಸೆದುಕೊಂಡು, ಸಮುದ್ರದ ಸಿಂಪಿಯ ಹಾಗೆ ಬದುಕುತ್ತದೆ. 1898ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಇ. ಎ. ಸ್ಮಿತ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಈಗ ಅದರ ಹೆಸರು ಸೂಡೋಮುಲ್ಲೇರಿಯಾ ಡಾಲಿಯೈ. ಡಾಲಿ ಎಂಬ ಸಾಹೇಬರ ಹೆಸರು ಅದರಲ್ಲಿ ಅಮರವಾಗಿದೆ. ಆ ನದಿಯ ದಂಡೆಯಲ್ಲಿ ಬದುಕಿದವರು ಅದನ್ನು ಏನೆಂದು ಕರೆಯುತ್ತಿದ್ದರೋ ಆ ಹೆಸರು ಯಾವ ಪುಸ್ತಕಕ್ಕೂ ಏರಲಿಲ್ಲ. ಆಮೇಲೆ ಬಹುಕಾಲ ಅದನ್ನು ಹುಡುಕಿ ಹೋದವರಿಲ್ಲ. 2001ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಎನ್. ಎ. ಮಧ್ಯಸ್ಥ ಅದರ ಮರುಶೋಧವನ್ನು ವರದಿ ಮಾಡಿದರು. ಒಂದು ಜಿಲ್ಲಾ ಪಟ್ಟಣದ ಕಾಲೇಜಿನಲ್ಲಿ ಮೃದ್ವಂಗಿಗಳ ಅಧ್ಯಯನಕ್ಕೆಂದೇ ಕೇಂದ್ರ ಕಟ್ಟಿದ ಅಧ್ಯಾಪಕರೊಬ್ಬರು ಇಲ್ಲದಿದ್ದರೆ ಆ ಜೀವಿ ಇಂದಿಗೂ ಲಂಡನ್ನಿನ ಪೆಟ್ಟಿಗೆಯಲ್ಲಿ ಮಾತ್ರ ಇರುತ್ತಿತ್ತು.

ಅದಕ್ಕೆ ಒಂದು ವರ್ಷ ಮುಂಚೆ, 2000ದಲ್ಲಿ, ಆರ್ಥರ್ ಬೋಗನ್ ಮತ್ತು ವಾಲ್ಟರ್ ಹೋ ಎಂಬ ಅಮೆರಿಕದ ವಿಜ್ಞಾನಿಗಳು ವಂಶವಾಹಿ ಪರೀಕ್ಷೆಯಿಂದ ಇನ್ನೊಂದು ಸತ್ಯ ತೋರಿಸಿದರು. ಬಂಡೆಗಂಟುವ ಸ್ವಭಾವ ನೋಡಿ ಇದನ್ನು ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಸಿಹಿನೀರಿನ ಸಿಂಪಿಗಳ ಬಂಧುವೆಂದು ನಂಬಲಾಗಿತ್ತು. ನಿಜಕ್ಕೂ ಅದು ನಮ್ಮ ಸಾಮಾನ್ಯ ಕಪ್ಪೆಚಿಪ್ಪುಗಳ ಕುಟುಂಬಕ್ಕೇ ಸೇರಿದ್ದು. ಬಂಡೆಗಂಟುವ ವಿದ್ಯೆಯನ್ನು ಅದು ಇಲ್ಲೇ, ತಾನೇ ಕಲಿತದ್ದು. ಅಂದರೆ ಭದ್ರೆಯ ಬಂಡೆಯ ಮೇಲಿನ ಈ ಜೀವಿ ಲೋಕದಲ್ಲಿ ಬೇರೆಲ್ಲೂ ನಡೆಯದ ಒಂದು ಪ್ರಯೋಗದ ಫಲ. ಕೆಂಪು ಪಟ್ಟಿಯಲ್ಲಿ ಅದು ಇಂದು ‘ಅಪಾಯದಲ್ಲಿರುವ’ ಜಾತಿ.

ಬಂಡೆಗೆ ಅಂಟಿದ್ದಕ್ಕೆ ಓಡಿಹೋಗುವ ದಾರಿಯಿಲ್ಲ. ಭದ್ರೆಯ ಮೇಲೆ ಏನೇನು ಬಂತು ಎಂದು ನೆನೆದರೆ ಅದರ ಕಷ್ಟ ತಿಳಿಯುತ್ತದೆ. ಇಲ್ಲೊಂದು ಕೊಲ್ಲಿಯ ನಂಟೂ ಇದೆ. 1975ರಲ್ಲಿ ಭಾರತ ಮತ್ತು ಷಾ ಆಳ್ವಿಕೆಯ ಇರಾನ್ ಒಪ್ಪಂದ ಮಾಡಿಕೊಂಡವು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ತುಂಗಾ, ಭದ್ರಾ, ನೇತ್ರಾವತಿಗಳ ಉಗಮದ ಸೀಮೆಯ ಬೆಟ್ಟಗಳನ್ನು ಅಗೆದು, ಅದಿರನ್ನು ಕೆಸರಾಗಿಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ, ಈ ಕೊಲ್ಲಿಗೇ ಹಡಗಿನಲ್ಲಿ ಕಳಿಸುವ ಯೋಜನೆ ಅದು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಜಲಾನಯನದ ಒಂದು ಸಣ್ಣ ತುಣುಕಷ್ಟೇ ಆದ ಗಣಿ ಪ್ರದೇಶ ಭದ್ರೆಯ ಹೂಳಿನ ದೊಡ್ಡ ಪಾಲಿಗೆ ಕಾರಣವೆಂದು ವಿಜ್ಞಾನಿಗಳು ಅಳೆದು ತೋರಿಸಿದರು. ‘ತುಂಗಾ ಮೂಲ ಉಳಿಸಿ’ ಎಂದು ಮಲೆನಾಡು ಬೀದಿಗಿಳಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆ ಮೂರು ದಶಕಗಳ ಕೆಂಪು ಹೂಳು, ನೀರನ್ನು ಸೋಸಿಯೇ ಬದುಕುವ ಒಂದು ಜೀವಿಗೆ ಏನು ಮಾಡಿತು? ಗಣಿಗೆ ಮುಂಚಿನ ಲೆಕ್ಕವಿಲ್ಲ. ಆದ್ದರಿಂದ ನಷ್ಟದ ಲೆಕ್ಕವೂ ಇಲ್ಲ.

ಆದ್ದರಿಂದಲೇ ನನ್ನ ವಾದವಿಷ್ಟು: ಕಪ್ಪೆಚಿಪ್ಪನ್ನು ‘ಉಳಿಸಿ’ ಎಂಬ ಘೋಷಣೆಗಿಂತ ಮುಂಚೆ ಅದನ್ನು ತಿಳಿಯುವ ಕೆಲಸಕ್ಕೆ ಹಣ, ಜನ, ಸಮಯ ಬೇಕು. ತಿಳಿಯಬೇಕಾದದ್ದನ್ನು ಐದು ಮಾತಿನಲ್ಲಿ ಹೇಳಬಹುದು.

ಮೊದಲನೆಯದು, ಎಲ್ಲಿ ಎಷ್ಟಿವೆ. ತುಂಗಾ, ಭದ್ರಾ, ಶರಾವತಿ, ಕಾಳಿ, ಕಾವೇರಿ, ಕಾಸರಗೋಡಿನ ಚಂದ್ರಗಿರಿ, ಹಾಗೆಯೇ ಬಯಲುಸೀಮೆಯ ಕೆರೆಗಳಲ್ಲಿ ಒಂದೇ ವಿಧಾನದಿಂದ, ಪ್ರತಿ ಕೆಲವು ವರ್ಷಕ್ಕೊಮ್ಮೆ ನಡೆಯುವ ಗಣತಿ. ಒಟ್ಟು ಎಣಿಕೆ ಮಾತ್ರವಲ್ಲ, ಎಳೆಯವು ಎಷ್ಟು ಎಂಬ ಎಣಿಕೆ. ಪಶ್ಚಿಮಘಟ್ಟದ ಸಿಹಿನೀರಿನ ಜೀವಿಗಳ ಬಗ್ಗೆ 2011ರಲ್ಲಿ ಬಂದ ಸಮೀಕ್ಷೆ 1,146 ಜಾತಿಗಳನ್ನು ಪರಿಶೀಲಿಸಿ ಶೇ. 16ರಷ್ಟು ಅಪಾಯದಲ್ಲಿವೆ ಎಂದಿತು. ಅದು ಒಳ್ಳೆಯ ಆರಂಭ. ಆದರೆ ಒಂದು ಬಾರಿ ತೆಗೆದ ಚಿತ್ರದಿಂದ ಏರಿಳಿತ ತಿಳಿಯುವುದಿಲ್ಲ.

ಎರಡನೆಯದು, ಯಾವ ಚಿಪ್ಪಿಗೆ ಯಾವ ಮೀನು. ನಮ್ಮ ಬಹುತೇಕ ಜಾತಿಗಳ ವಿಷಯದಲ್ಲಿ ಇದು ಇನ್ನೂ ದೃಢಪಟ್ಟಿಲ್ಲ. ಲಕ್ಕವಳ್ಳಿಯ ಅಣೆಕಟ್ಟೋ ಗಾಜನೂರಿನ ಅಣೆಕಟ್ಟೋ ಮೀನಿನ ಸಂಚಾರವನ್ನು ತಡೆದರೆ ಮೇಲಿನ ಚಿಪ್ಪುಗಳ ವಂಶವನ್ನೂ ತಡೆಯಿತೇ ಎಂಬುದು ಇದರಿಂದಲೇ ತಿಳಿಯಬೇಕು. ಶೃಂಗೇರಿಯ ತುಂಗೆಯಲ್ಲೂ ಶಿಶಿಲದ ಕಪಿಲೆಯಲ್ಲೂ ದೇವರ ಹೆಸರಿನಲ್ಲಿ ಮೀನುಗಳನ್ನು ಕಾಪಾಡಿದ್ದಾರೆ. ಅಂಥ ಮಡುಗಳು ಚಿಪ್ಪಿನ ತೊಟ್ಟಿಲೂ ಆಗಿರಬಹುದೇ? ಕೇಳಬೇಕಾದ ಪ್ರಶ್ನೆ. 1996ರಲ್ಲಿ ಶಿಶಿಲದಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಮೀನುಗಳು ಸತ್ತಾಗ ಊರು ಅತ್ತಿತು, ಸ್ಮಾರಕ ಕಟ್ಟಿತು. ಅದೇ ನೀರಿನ ತಳದಲ್ಲಿದ್ದ ಚಿಪ್ಪುಗಳ ಗತಿ ಏನಾಯಿತೆಂದು ಕೇಳಿದವರನ್ನು ನಾನು ಕಂಡಿಲ್ಲ.

ಮೂರನೆಯದು, ವಿಷದ ಲೆಕ್ಕ. ಇದು ನಮ್ಮವರಿಗೆ ಅಪ್ರಿಯವಾದ ಪ್ರಶ್ನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡು-ಕರಾವಳಿಯ ಪ್ರತಿ ತೋಟದ ಕ್ರಮ. ಮೈಲುತುತ್ತವೆಂದರೆ ತಾಮ್ರ. ಎಳೆಯ ಕಪ್ಪೆಚಿಪ್ಪುಗಳಿಗೆ ತಾಮ್ರ ಮತ್ತು ಅಮೋನಿಯಾ ಅತ್ಯಂತ ಮಾರಕವೆಂದು ಹೊರದೇಶಗಳ ಪ್ರಯೋಗಾಲಯಗಳಲ್ಲಿ ಪದೇ ಪದೇ ಸಿದ್ಧವಾಗಿದೆ. ಅಮೆರಿಕ 2013ರಲ್ಲಿ ಸಿಹಿನೀರಿನ ಅಮೋನಿಯಾ ಮಿತಿಯನ್ನು ಬಿಗಿಗೊಳಿಸಿದ್ದು ಮುಖ್ಯವಾಗಿ ಕಪ್ಪೆಚಿಪ್ಪುಗಳ ಕಾರಣಕ್ಕೆ. ಗಡಸು ನೀರಿಗಿಂತ ಮೆದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು, ಮತ್ತು ನಮ್ಮ ಘಟ್ಟದ ಹಳ್ಳಗಳದ್ದು ಮೆದು ನೀರು. ಇದರಿಂದ ಅಡಿಕೆ ಬೆಳೆಗಾರ ಅಪರಾಧಿ ಎಂದು ನಾನು ತೀರ್ಪು ಕೊಡುತ್ತಿಲ್ಲ. ನನ್ನ ಓದಿನ ಖರ್ಚೂ ಅದೇ ತೋಟದಿಂದ ಬಂದದ್ದು. ನಮ್ಮ ಹಳ್ಳದ ನೀರಿನಲ್ಲಿ, ನಮ್ಮ ಜಾತಿಗಳ ಮೇಲೆ, ಮಳೆಗಾಲದ ಹರಿವಿನಲ್ಲಿ ಅಳೆದು ನೋಡದೆ ಬೆಳೆಗಾರನನ್ನು ದೂಷಿಸುವುದೂ ತಪ್ಪು, ಸಮರ್ಥಿಸುವುದೂ ತಪ್ಪು. ಪಟ್ಟಣಗಳ ಕೊಳಚೆಯಿಂದ ಬರುವ ಅಮೋನಿಯಾದ ಪಾಲೆಷ್ಟು ಎಂಬುದೂ ಅದರ ಜೊತೆಗೇ ತಿಳಿಯಬೇಕು.

ನಾಲ್ಕನೆಯದು, ಮರಳು ಮತ್ತು ಮುತ್ತು. ಮರಳಿನಲ್ಲಿ ಹೂತು ಬದುಕುವ ಜೀವಿಗೆ ಮರಳೆಂದರೆ ಮನೆ. ಗಣಿಗಾರಿಕೆಯ ಯಂತ್ರ ಮರಳನ್ನು ಎತ್ತಿದಾಗ ಮನೆಯೂ ನಿವಾಸಿಯೂ ಒಟ್ಟಿಗೆ ಲಾರಿ ಏರುತ್ತಾರೆ. ಎತ್ತಿದ ಮೇಲೆ ಆ ತಳ ಮತ್ತೆ ವಾಸಯೋಗ್ಯವಾಗಲು ಎಷ್ಟು ಕಾಲ ಬೇಕು? ಇನ್ನೊಂದು ಕಡೆ, ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆ ನಮ್ಮದೇ ಜಾತಿಗಳಲ್ಲಿ ಮುತ್ತು ಬೆಳೆಸುವ ವಿಧಾನವನ್ನು ರೂಪಿಸಿದೆ. ಅದನ್ನು ಕಲಿತ ಯುವಕರು ಕೆರೆ-ಹೊಂಡಗಳಲ್ಲಿ ಮುತ್ತಿನ ಕೃಷಿಗೆ ಇಳಿಯುತ್ತಿದ್ದಾರೆ. ಒಳ್ಳೆಯದೇ. ಆದರೆ ಬೀಜದ ಚಿಪ್ಪನ್ನು ಹೊಳೆಯಿಂದಲೇ ಹೆಕ್ಕಿ ತಂದರೆ ಅದು ಕೃಷಿಯಲ್ಲ, ಕೊಯ್ಲು ಮಾತ್ರ. ಮರಿಗಳನ್ನು ಹುಟ್ಟಿಸಿ ಸಾಕುವ ತಂತ್ರ ನಮ್ಮ ಜಾತಿಗಳಿಗೆ ಸಿದ್ಧವಾದರೆ ಕೃಷಿಕನಿಗೂ ಲಾಭ, ನದಿಗೂ ಮರಳಿ ಕೊಡಬಹುದು.

ಐದನೆಯದು, ಹೊಳೆಯ ಜನರ ತಿಳಿವಳಿಕೆ. ಕಪ್ಪೆಚಿಪ್ಪು, ಮರುವಾಯಿ ಹೆಕ್ಕಿ ಸಾರು ಮಾಡಿ ಉಂಡವರು ಹೆಚ್ಚಾಗಿ ಬಡವರು. ನೀರಿಗಿಳಿದು ಹೆಕ್ಕಿದವರಲ್ಲಿ ಹೆಂಗಸರೇ ಹೆಚ್ಚು. ಎಲ್ಲಿ ಸಿಗುತ್ತಿತ್ತು, ಯಾವ ವರ್ಷದಿಂದ ಕಡಿಮೆಯಾಯಿತು, ಯಾವ ಮೀನಿನ ಜೊತೆ ಕಾಣುತ್ತಿತ್ತು ಎಂಬುದು ಅವರಿಗೆ ಗೊತ್ತು. ಸಂರಕ್ಷಣೆಯ ಹೆಸರಿನಲ್ಲಿ ಮೊದಲು ಬೇಲಿ ಬೀಳುವುದು ಮಾತ್ರ ಅವರ ಮುಂದೆಯೇ. ಮರಳಿನ ಲಾರಿ ಹೋಗುತ್ತದೆ, ಕಾರ್ಖಾನೆಯ ಕೊಳವೆ ಹರಿಯುತ್ತದೆ, ಬುಟ್ಟಿ ಹಿಡಿದ ಮುದುಕಿ ಸಿಕ್ಕಿಬೀಳುತ್ತಾಳೆ. ಅವರು ಸಂಶೋಧನೆಯ ‘ಮಾಹಿತಿದಾರರು’ ಮಾತ್ರ ಆಗದೆ, ಸಂಬಳ ಪಡೆಯುವ ಸಹಭಾಗಿಗಳೇ ಆಗಬೇಕು. 1980ರ ದಶಕದಲ್ಲಿ ಹರಿಹರದ ಆಸುಪಾಸಿನ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟವನ್ನು ನೆನೆಯಿರಿ. ನೀರು ಕೆಟ್ಟಿದೆ ಎಂಬುದು ಪ್ರಯೋಗಾಲಯಕ್ಕಿಂತ ಮುಂಚೆ ದಂಡೆಯ ಜನರಿಗೆ ಗೊತ್ತಿತ್ತು.

ಇಷ್ಟು ಓದಿದ ಗೆಳೆಯರೊಬ್ಬರು ಕೇಳಿದರು: ‘ಕಾರ್ಮಿಕರ ವೇತನ, ಕೋಮುದ್ವೇಷ, ಜಾತಿ ಹಿಂಸೆ ಇಷ್ಟೆಲ್ಲ ಇರುವಾಗ ಚಿಪ್ಪಿನ ಚಿಂತೆಯೇ?’ ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇದು. ನದಿಯ ತಳದಲ್ಲಿ ನಡೆಯುವುದನ್ನು ಯಾರೂ ನೋಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಗಣಿಯವನೂ ಮರಳಿನವನೂ ಕೊಳಚೆ ಬಿಡುವವನೂ ವ್ಯಾಪಾರ ನಡೆಸುವುದು. ಅದೇ ನೀರು ಕೆಳಗೆ ಹರಿದು ಕೊಪ್ಪಳ, ರಾಯಚೂರಿನ ಬಡವರ ಬಿಂದಿಗೆ ಸೇರುತ್ತದೆ. 2024ರ ನವೆಂಬರ್‌ನಲ್ಲಿ ‘ನಿರ್ಮಲ ತುಂಗಭದ್ರಾ’ ಎಂದು ಶೃಂಗೇರಿಯಿಂದ ನಡೆದುಹೊರಟವರು ಹೇಳಿದ್ದೂ ಇದನ್ನೇ. ಚಿಪ್ಪಿನ ಗಣತಿ ಎಂದರೆ ನೀರಿನ ಸಾಕ್ಷ್ಯವನ್ನು ವರ್ಷವರ್ಷವೂ ಬರೆದಿಡುವುದು. ಯೋಜನೆಯೊಂದು ಬಂದಾಗ ‘ಇಲ್ಲಿ ಏನೂ ಇರಲಿಲ್ಲ’ ಎಂದು ಅಧಿಕಾರಿ ಬರೆಯದಂತೆ ತಡೆಯಲು ಅಂಥ ದಾಖಲೆ ಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ಅಬುಧಾಬಿಯಲ್ಲಿ ನೆಲೆಗೊಂಡಿರುವ ಮೊಹಮ್ಮದ್ ಬಿನ್ ಜಾಯೆದ್ ಜಾತಿ ಸಂರಕ್ಷಣಾ ನಿಧಿ 2.5 ಕೋಟಿ ಯೂರೋ ಮೂಲಧನದಿಂದ ಆರಂಭವಾದದ್ದು. ಪ್ರಪಂಚದ ಯಾವ ಮೂಲೆಯ, ಯಾವ ಅಲಕ್ಷಿತ ಜೀವಿಯ ಕೆಲಸಕ್ಕೂ ಅದು 25,000 ಡಾಲರ್‌ವರೆಗೆ ನೆರವು ಕೊಡುತ್ತದೆ. ಶಿಲೀಂಧ್ರವೂ ಆದೀತು, ಚಿಪ್ಪೂ ಆದೀತು. ನಮ್ಮ ಹಣದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ತೈಲದ ಹಣ ನಿಸರ್ಗ ಕಾಯುವ ವಿರೋಧಾಭಾಸವನ್ನು ನಾನು ಮುಚ್ಚಿಡುವುದಿಲ್ಲ. ಹವಾಮಾನ ಕೆಡಿಸಿದ ಹಣದ ಸಣ್ಣ ಭಾಗ ಹೀಗೆ ಹಿಂದಿರುಗಿದರೆ ಅದು ದಾನವಲ್ಲ, ಬಾಕಿಯ ಒಂದು ಕಂತು. ಅರ್ಜಿ ಬರೆಯುವ ಇಂಗ್ಲಿಷ್ ಇಲ್ಲದೆ ಹಿಂದುಳಿಯುವ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ಕಾಸರಗೋಡಿನ ಕಾಲೇಜು ಅಧ್ಯಾಪಕರಿಗೆ, ದಿನವೂ ಅಂಥ ದಾಖಲೆಗಳನ್ನು ಬರೆಯುವುದೇ ಉದ್ಯೋಗವಾಗಿರುವ ನಾವು ನೆರವಾಗಬಹುದು. ನಮ್ಮ ಸಂಘಗಳು ರಾಜ್ಯೋತ್ಸವದ ಒಂದು ರಾತ್ರಿಗೆ ಮಾಡುವ ಖರ್ಚಿನಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಒಂದು ವರ್ಷದ ಕ್ಷೇತ್ರಕಾರ್ಯ ನಡೆಯಬಹುದು. ಉತ್ಸವ ಬೇಡವೆನ್ನುತ್ತಿಲ್ಲ, ವೇದಿಕೆಯ ಮೇಲೆ ತುಂಗೆಯ ಹಾಡು ಹಾಡುವವರು ತುಂಗೆಗೂ ಸ್ವಲ್ಪ ಎತ್ತಿಡಬೇಕೆನ್ನುತ್ತೇನೆ.

ಇನ್ನೊಂದು ಕೆಲಸಕ್ಕೆ ಹಣವೂ ಬೇಡ. ಊರಿಗೆ ಹೋದಾಗ ಅಜ್ಜಿಯನ್ನೋ ಅತ್ತೆಯನ್ನೋ ಹೊಳೆಯ ಅಂಬಿಗನನ್ನೋ ಕೂರಿಸಿಕೊಂಡು ಕೇಳಿ: ಈ ಚಿಪ್ಪಿಗೆ ಏನೆನ್ನುತ್ತಿದ್ದಿರಿ? ಎಲ್ಲಿ ಸಿಗುತ್ತಿತ್ತು? ಕೊನೆಗೆ ಕಂಡದ್ದು ಯಾವಾಗ? ಬರೆದಿಡಿ. ಜಾಗದ ಹೆಸರು, ವರ್ಷ, ಹೇಳಿದವರ ಮಾತು ಅವರದೇ ಕನ್ನಡ, ತುಳು, ಕೊಡವ, ಬ್ಯಾರಿಯಲ್ಲಿ ಇರಲಿ. ಇಲ್ಲಿನ ಕನ್ನಡ ಪಾಠಶಾಲೆಗಳ ಮಕ್ಕಳಿಗೆ ರಜೆಯ ಕೆಲಸವಾಗಿಯೂ ಇದನ್ನು ಕೊಡಬಹುದು. 1898ರಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದು. ಕೇಳಿಸಿಕೊಂಡು ಉತ್ತರ ಹೇಳಬಲ್ಲವರು ಇನ್ನೂ ಕೆಲವರು ಇದ್ದಾರೆ.

ಅತ್ತಿಗೆ ಅಂದು ಸರ ಕೊಳ್ಳಲಿಲ್ಲ. ‘ಬೆಲೆ ಕಡಿಮೆಯೇ ಇದೆ, ಆದರೂ ಬೇಡ’ ಎಂದರು. ಊರಿಗೆ ಮರಳಿದ ಮೇಲೆ ಒಂದು ದಿನ ಫೋನು ಮಾಡಿ, ಬೇಸಿಗೆಯ ನೀರಿಳಿದಾಗ ಮಡುವಿನ ಹತ್ತಿರ ಹೋಗಿದ್ದೆ, ಖಾಲಿ ಚಿಪ್ಪು ಎರಡು ಸಿಕ್ಕವು, ಜೀವವಿದ್ದದ್ದು ಒಂದೂ ಕಾಣಲಿಲ್ಲ ಎಂದರು. ದಿನಾಂಕ ಬರೆದಿಟ್ಟುಕೊಳ್ಳಿ ಅತ್ತಿಗೆ, ಎಂದೆ. ಬರೆದಿದ್ದೇನೆ, ಎಂದರು.